ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿರಬೇಕು?



ಕಳೆದ ಕೆಲವು ವಾರ ಬಿ.ಪಿ., ಕೊಲೆಸ್ಟರಾಲ್, ಎದೆನೋವಿನ ಬಗ್ಗೆ ಬರೆದಿದ್ದೆ. ಈ ವಾರ ಸೂಲಗಿತ್ತಿಯರ ಬಗ್ಗೆ ಬರೆಯುತ್ತಿದ್ದೇನೆ. "ಹೃದಯದ ಡಾಕ್ಟರಿಗೆ ಹೆರಿಗೆಯ ಸುದ್ದಿ ಏಕೆ?" ಎಂದು ನೀವು ಕೇಳಬಹುದು. ಕಾರಣವಿದೆ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದುವರೆಗೆ ಯಾರಿಗೂ ಗೊತ್ತಿಲ್ಲದ ಹೃದಯದ ತೊಂದರೆ ಎಷ್ಟೋ ಸಲ ಮೊದಲು ಹೊರಗೆ ಕಾಣುವುದು ಬಸಿರಿನಲ್ಲಿ ಅಥವಾ ಬಾಣಂತನದಲ್ಲಿ. ಆಗ ಅದನ್ನು ಮೊದಲು ನೋಡುವ ಅವಕಾಶ ನನ್ನಂಥ ತಜ್ಞನಿಗೆ ಸಿಗುವುದಿಲ್ಲ. ಅವಳ ಪಕ್ಕದಲ್ಲಿ ಕುಳಿತವರಿಗೆ ಸಿಗುತ್ತದೆ. ಅವರು ಗಮನಿಸಿದರೆ ಅವಳು ನನ್ನ ಬಳಿಗೆ ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಗಮನಿಸದಿದ್ದರೆ ತಡವಾಗಿ ಬರುತ್ತಾಳೆ.

ದಯವಿಟ್ಟು ಕೊನೆಯವರೆಗೆ ಓದಿ. ಮನೆಯಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದರೆ ಕೊನೆಯ ಎರಡು ಭಾಗಗಳನ್ನು ಉಳಿಸಿಟ್ಟುಕೊಳ್ಳಿ.

*ತವರು ದೂರವಾದವರ ಪ್ರಶ್ನೆ*

ನಾನಿರುವುದು ಕಾಶಿಯಲ್ಲಿ. ನಿಮ್ಮಲ್ಲಿ ಅನೇಕರು ಇಲ್ಲಿಗೆ ಬಂದಿರುತ್ತೀರಿ, ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಕುಳಿತು ಸಂಜೆಯ ಗಂಗಾರತಿ ನೋಡಿರುತ್ತೀರಿ. ಘಾಟಿನಿಂದ ಗೋದೌಲಿಯಾ ಕಡೆಗೆ ಸ್ವಲ್ಪ ನಡೆದರೆ ಜಂಗಮವಾಡಿ ಮಠ. ಗಂಗೆಯ ದಂಡೆಯಲ್ಲೇ ದಕ್ಷಿಣಕ್ಕೆ ಹೋದರೆ ಹನುಮಾನ್ ಘಾಟಿನ ಪಕ್ಕ ಕರ್ನಾಟಕ ಘಾಟ್. ಈ ಊರಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಯಾತ್ರಿಕರನ್ನು ಬಿಟ್ಟರೂ ಮಠದ ವಿದ್ಯಾರ್ಥಿಗಳು, ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು, ಬ್ಯಾಂಕು, ರೈಲ್ವೆ ಎಂದು ವರ್ಗವಾಗಿ ಬಂದ ಸಂಸಾರಗಳು ಇಲ್ಲಿವೆ.

ದಶಾಶ್ವಮೇಧದ ಪಕ್ಕದಲ್ಲೇ ಶೀತಲಾ ಮಾತೆಯ ಗುಡಿ. ಹೊಸದಾಗಿ ಮದುವೆಯಾದವರು, ಹಸುಗೂಸು ಎತ್ತಿಕೊಂಡ ತಾಯಂದಿರು ಅಲ್ಲಿಗೆ ಬರುತ್ತಾರೆ. ಮಗುವಿನ ಮೊದಲ ಕೂದಲು ತೆಗೆಸುವ ಮುಂಡನವೂ ಈ ಮೆಟ್ಟಿಲುಗಳ ಮೇಲೆ ನಡೆಯುತ್ತದೆ. ಹೆರಿಗೆ ಸುಸೂತ್ರವಾಗಿ ಮುಗಿದದ್ದಕ್ಕೆ ಹರಕೆ ತೀರಿಸುವ ಜಾಗ ಅದು. ತಾಯಿ, ಮಗು ಇಬ್ಬರೂ ಉಳಿದು ಇಲ್ಲಿಗೆ ಬರುವುದು ಸುಲಭದ ಮಾತಲ್ಲ ಎಂದು ಜನರಿಗೆ ಗೊತ್ತಿದೆ. "ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು" ಎಂದು ನಮ್ಮ ಕಡೆಯ ಅಜ್ಜಿಯರೂ ಹೇಳುತ್ತಿದ್ದರಲ್ಲ?

ಲೆಕ್ಕವೂ ಅದನ್ನೇ ಹೇಳುತ್ತದೆ. 2018–20ರ ಸರ್ಕಾರಿ ಅಂಕಿಅಂಶದಂತೆ ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರು ತೀರಿಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ 69, ಉತ್ತರ ಪ್ರದೇಶದಲ್ಲಿ 167, ಕೇರಳದಲ್ಲಿ 19. ದೇಶ ಒಂದೇ, ಆದರೆ ಹೆರಿಗೆಗೆ ಯಾವ ಊರಿನಲ್ಲಿ, ಯಾರ ಕೈಯಲ್ಲಿ ಇದ್ದೀರಿ ಎಂಬುದರ ಮೇಲೆ ಇಷ್ಟು ವ್ಯತ್ಯಾಸ.

ನಮ್ಮ ತಾಯಂದಿರ ಕಾಲದಲ್ಲಿ ಏಳನೇ ತಿಂಗಳಿಗೆ ಸೀಮಂತ ಮಾಡಿಸಿಕೊಂಡು ತವರಿಗೆ ಹೋಗುತ್ತಿದ್ದರು. ಅಲ್ಲಿ ಅಮ್ಮ, ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯ ಅನುಭವಸ್ಥೆ ಎಲ್ಲರೂ ಇರುತ್ತಿದ್ದರು. ಇಂದು ನೀವು ಪುಣೆಯಲ್ಲೋ ದುಬೈಯಲ್ಲೋ ಲಂಡನ್ನಿನಲ್ಲೋ ಇದ್ದೀರಿ. ಅಮ್ಮನಿಗೆ ವೀಸಾ ಸಿಗಬೇಕು, ಅತ್ತೆಗೆ ಮಂಡಿನೋವು, ಗಂಡನಿಗೆ ರಜೆ ಇಲ್ಲ. ನೋವು ಶುರುವಾದಾಗ ಸುತ್ತ ಇರುವವರಿಗೆ ಕನ್ನಡ ಬರುವುದಿಲ್ಲ. ಆಗ ಅವಳ ಪಕ್ಕದಲ್ಲಿ ಯಾರಿರಬೇಕು, ಅವರಿಗೆ ಏನು ಗೊತ್ತಿರಬೇಕು?

*ಸೂಲಗಿತ್ತಿ ಎಂದರೆ ಯಾರು?*

'ಸೂಲು' ಎಂದರೆ ಹೆರಿಗೆ. ಸೂಲಗಿತ್ತಿ ಎಂದರೆ ಹೆರಿಗೆ ಮಾಡಿಸುವವಳು. ಈ ಮಾತು ಬಂದಾಗ ನೆನಪಾಗುವ ಹೆಸರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಶಾಲೆಗೆ ಹೋದವರಲ್ಲ. ಅಜ್ಜಿಯ ಜೊತೆ ಓಡಾಡಿ ಕೆಲಸ ಕಲಿತರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಹಣ ಕೇಳಲಿಲ್ಲ ಎಂದು ಆ ಸೀಮೆಯ ಜನ ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ ನಿಲ್ಲದಿದ್ದಾಗ, ಬಿ.ಪಿ. ಏರಿ ಫಿಟ್ಸ್ ಬಂದಾಗ, ಮಗು ಅಡ್ಡವಾಗಿದ್ದಾಗ ಒಬ್ಬಳೇ ಸೂಲಗಿತ್ತಿ ಏನೂ ಮಾಡಲಾರಳು. ಆಗ ರಕ್ತ, ಔಷಧಿ, ಆಪರೇಷನ್ ಥಿಯೇಟರ್ ಬೇಕು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಸೂಲಗಿತ್ತಿಯನ್ನು ದಾಯಿ ಎನ್ನುತ್ತಾರೆ. ಹೊಕ್ಕುಳಬಳ್ಳಿ ಕತ್ತರಿಸುವುದು ಮೈಲಿಗೆಯ ಕೆಲಸ ಎಂದು ಅದನ್ನು ಕೆಳಗೆ ತಳ್ಳಲ್ಪಟ್ಟ ಜಾತಿಗಳ ಹೆಂಗಸರಿಗೆ ಬಿಟ್ಟರು. ಅವರಿಗೆ ತರಬೇತಿಯನ್ನೂ ಕೊಡಲಿಲ್ಲ, ಅವರಿಗೆ ತಿಳಿದದ್ದನ್ನೂ ಯಾರೂ ಕೇಳಲಿಲ್ಲ.

ಆದರೆ ಆಸ್ಪತ್ರೆಗೆ ಹೋಗುವ ಭರದಲ್ಲಿ ನಾವು ಒಂದನ್ನು ಕಳೆದುಕೊಂಡೆವು. ಸೂಲಗಿತ್ತಿ ಪಕ್ಕದಲ್ಲೇ ಇರುತ್ತಿದ್ದಳು. ರಾತ್ರಿಯಿಡೀ ಕೂರುತ್ತಿದ್ದಳು, ಸೊಂಟ ನೀವುತ್ತಿದ್ದಳು, ಮಾತಾಡಿಸುತ್ತಿದ್ದಳು, ನೋಡುತ್ತಿದ್ದಳು. ಇಂದಿನ ತುಂಬಿದ ಹೆರಿಗೆ ವಾರ್ಡಿನಲ್ಲಿ ಹಾಸಿಗೆ ಇದೆ, ಯಂತ್ರ ಇದೆ, ಕೂತು ನೋಡುವವರಿಲ್ಲ. ಹಳೆಯ ಸೂಲಗಿತ್ತಿಯ ಆ ಗುಣವನ್ನು ಇಂದಿನ ವೈದ್ಯಶಾಸ್ತ್ರದ ತಿಳಿವಳಿಕೆಯ ಜೊತೆ ಸೇರಿಸಿದರೆ ಸಿಗುವವಳೇ ತರಬೇತಾದ ಮಿಡ್‌ವೈಫ್.

ಭಾರತದಲ್ಲಿ ಇದಕ್ಕೆ ಈಗ ದಾರಿ ತೆರೆದಿದೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಲ್ಲೇ ಮಿಡ್‌ವೈಫ್‌ಗಳಿಗೆ ತರಬೇತಿ ಶುರುಮಾಡಿತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿ ಅನುಭವ ಇರುವವರಿಗೆ ಮತ್ತೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಯನ್ನು ಅವರೇ ನೋಡಿಕೊಳ್ಳುವ ಘಟಕಗಳನ್ನು ದೊಡ್ಡ ಆಸ್ಪತ್ರೆಗಳ ಒಳಗೇ ಮಾಡುವ ಯೋಜನೆ ಅದು. ಪಕ್ಕದ ಕೋಣೆಯಲ್ಲೇ ಡಾಕ್ಟರ್ ಇರುತ್ತಾರೆ.

*ಅವರು ಕಲಿಯುವ ಮೊದಲ ಪಾಠಗಳು*

ಒಳ್ಳೆಯ ತರಬೇತಿಯಲ್ಲಿ ಏನು ಹೇಳಿಕೊಡುತ್ತಾರೆ ಎಂದು ಗೊತ್ತಿದ್ದರೆ, ನಿಮ್ಮ ಮನೆಯವಳಿಗೆ ಸಿಗುತ್ತಿರುವ ಆರೈಕೆ ಹೇಗಿದೆ ಎಂದು ನೀವೇ ಅಳೆಯಬಹುದು.

ಮೊದಲ ಪಾಠ: ಕೈ ತೊಳೆದು, ಹೆಸರು ಹಿಡಿದು ಮಾತಾಡಿಸುವುದು. "ಏಯ್, ಮೂರನೇ ಬೆಡ್ಡು" ಎಂದು ಕೂಗುವುದಲ್ಲ. ಮುಟ್ಟುವ ಮೊದಲು ಏನು ಪರೀಕ್ಷೆ, ಏಕೆ ಎಂದು ಹೇಳಿ ಒಪ್ಪಿಗೆ ಕೇಳಬೇಕು. ಪರದೆ ಎಳೆಯಬೇಕು.

ಎರಡನೆಯದು ಕೈಯ ವಿದ್ಯೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿ, ಬೆನ್ನು ಯಾವ ಕಡೆ, ತಲೆ ಕೆಳಗೆ ಇಳಿದಿದೆಯೇ ಎಂದು ತಿಳಿಯುವುದು. ಹತ್ತು ನಿಮಿಷ ಕೈ ತೆಗೆಯದೆ ಕೂತು ನೋವು ಎಷ್ಟು ಸಲ ಬಂತು, ಎಷ್ಟು ಹೊತ್ತು ಇತ್ತು ಎಂದು ಎಣಿಸುವುದು. ಮಗುವಿನ ಎದೆಬಡಿತ ಕೇಳುವುದು. ಅದು ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ಇದನ್ನೆಲ್ಲ ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯ ಮೇಲೆ ಬರೆಯುತ್ತಾ ಹೋಗುತ್ತಾರೆ. ಹೆರಿಗೆ ಮುಂದೆ ಸಾಗುತ್ತಿದೆಯೋ ನಿಂತಿದೆಯೋ ಎಂಬುದು ಆ ಗೆರೆ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದು ಅನಗತ್ಯವಾದದ್ದನ್ನು ಮಾಡದಿರುವುದು. ಹೆಚ್ಚಿನವರಿಗೆ ಕಷ್ಟವಾಗುವ ಪಾಠ ಇದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯಂತೆ, ತಾಯಿ ಮತ್ತು ಮಗು ಚೆನ್ನಾಗಿದ್ದರೆ ಬರೀ ಬೇಗ ಆಗಲಿ ಎಂದು ನೋವು ಹೆಚ್ಚಿಸುವ ಔಷಧಿ ಕೊಡಬಾರದು. ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳಬಾರದು. ಎಲ್ಲರಿಗೂ ವಾಡಿಕೆಯಂತೆ ಕೆಳಗೆ ಕೊಯ್ದು ಹೊಲಿಗೆ ಹಾಕಬಾರದು. ಅವಳು ನಡೆಯಬಹುದು, ಕೂರಬಹುದು, ಮಗ್ಗುಲಾಗಬಹುದು, ನೀರು ಕುಡಿಯಬಹುದು.

ನಾಲ್ಕನೆಯದು ಹೆರಿಗೆಯಾದ ಮೇಲಿನ ಎರಡು ಗಂಟೆ. ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗುವಂತೆ ಮಲಗಿಸುವುದು. ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಬಿಟ್ಟು ಕತ್ತರಿಸುವುದು. ಮೊದಲ ಗಂಟೆಯಲ್ಲೇ ಹಾಲೂಡಿಸುವುದು. ಮಾಸು ಪೂರ್ತಿ ಬಂದಿದೆಯೇ ಎಂದು ತಿರುಗಿಸಿ ನೋಡುವುದು. ಗರ್ಭಕೋಶ ಗಟ್ಟಿಯಾಗಿದೆಯೇ, ಎಷ್ಟು ರಕ್ತ ಹೋಗುತ್ತಿದೆ ಎಂದು ಮತ್ತೆಮತ್ತೆ ಪರೀಕ್ಷಿಸುವುದು. "ಮಗು ಹುಟ್ಟಿತು" ಎಂದು ಎಲ್ಲರೂ ಲಡ್ಡು ಹಂಚಲು ಹೊರಟಾಗಲೂ ಅವಳು ತಾಯಿಯನ್ನು ಬಿಟ್ಟು ಕದಲುವುದಿಲ್ಲ.

ಐದನೆಯದು ಯಾವಾಗ ಡಾಕ್ಟರನ್ನು ಕರೆಯಬೇಕು ಎಂಬುದು. ಸಹಜ ಯಾವುದು ಎಂದು ನೂರಾರು ಸಲ ಕಣ್ಣಾರೆ ನೋಡಿದವರಿಗೆ ಅಸಹಜ ಯಾವುದು ಎಂದು ಬೇಗ ಹೊಳೆಯುತ್ತದೆ.

*ಬೆಳಗಾವಿಯಿಂದ ಜಗತ್ತಿಗೆ*

ಇಂಥ ಕೆಲಸ ಎಷ್ಟು ಜೀವ ಉಳಿಸಬಲ್ಲದು ಎಂದು ತೋರಿಸಿಕೊಟ್ಟವರಲ್ಲಿ ನಮ್ಮ ಕನ್ನಡ ನಾಡಿನವರೂ ಇದ್ದಾರೆ. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ.

ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಇದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು. ಕರೆಂಟೇ ಸರಿಯಾಗಿ ಇಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. 1620 ತಾಯಂದಿರು ಅದರಲ್ಲಿದ್ದರು. ಹೆರಿಗೆಯನ್ನು ನೋಡಿಕೊಂಡವರು, ಮಾತ್ರೆ ಕೊಟ್ಟವರು ಎಎನ್‌ಎಂಗಳು, ಅಂದರೆ ನಮ್ಮ ಹಳ್ಳಿಗಳಲ್ಲಿ "ಸಿಸ್ಟರಮ್ಮ" ಎಂದು ಕರೆಯುವವರು. ಮಗು ಹುಟ್ಟಿದ ಕೂಡಲೇ ಕೆಲವರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಚ್ಚು ರಕ್ತಸ್ರಾವವಾದವರ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನದಲ್ಲಿ ಇನ್ನೊಂದು ಸರಳ ವಸ್ತು ಬಳಸಿದ್ದರು. ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸು. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಅನುಭವಿಗಳೂ ಕಡಿಮೆ ಹೇಳುತ್ತಾರೆ. ಅಳೆದರೆ ಅರ್ಧ ಲೀಟರ್ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಇಂಥದೇ ಅಳತೆಯ ಹಾಸನ್ನೂ, ಹೆಚ್ಚಾದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಕೊಡುವ ಕ್ರಮವನ್ನೂ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಆಪರೇಷನ್, ಸಾವು ಎಲ್ಲ ಸೇರಿ ಶೇ 60ರಷ್ಟು ಕಡಿಮೆಯಾಗಿತ್ತು.

ಎಚ್ಚರಿಕೆ: ಈ ಮಾತ್ರೆ, ಇಂಜೆಕ್ಷನ್ ತರಬೇತಾದವರ ಕೈಯಲ್ಲೇ ಇರಬೇಕು. ನೋವು ಬೇಗ ಬರಲಿ ಎಂದು ಮನೆಯಲ್ಲಿ ಸೂಜಿ ಹಾಕಿಸುವ ಪದ್ಧತಿ ಕೆಲವೆಡೆ ಇದೆ. ಅದರಿಂದ ಗರ್ಭಕೋಶ ಹರಿಯಬಹುದು, ಮಗು ಸಾಯಬಹುದು.

*ಬಸಿರು ಹೃದಯಕ್ಕೆ ಒಂದು ಪರೀಕ್ಷೆ*

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಹೃದಯ ಒಂದು ನಿಮಿಷದಲ್ಲಿ ಪಂಪ್ ಮಾಡುವ ರಕ್ತ ಶೇ 30ರಿಂದ 50ರಷ್ಟು ಏರುತ್ತದೆ. ಮಗು ಹೊರಬಂದ ಕೂಡಲೇ ಗರ್ಭಕೋಶದಲ್ಲಿದ್ದ ರಕ್ತ ಒಮ್ಮೆಗೇ ಹೃದಯಕ್ಕೆ ಮರಳುತ್ತದೆ. ಆರೋಗ್ಯವಾದ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗಿದ್ದರೆ ತಡೆದುಕೊಳ್ಳಲಾರದು. ಕೆಲವರಿಗೆ ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳೊಳಗೆ ಹೃದಯದ ಸ್ನಾಯುವೇ ದುರ್ಬಲವಾಗುತ್ತದೆ. ಇದಕ್ಕೆ ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಎನ್ನುತ್ತೇವೆ. ಹಿಂದೆ ಯಾವ ಕಾಯಿಲೆಯೂ ಇಲ್ಲದವರಿಗೂ ಇದು ಬರಬಹುದು.

ತೊಂದರೆ ಏನೆಂದರೆ, ಇದರ ಲಕ್ಷಣಗಳೆಲ್ಲ ಬಾಣಂತಿಯ ಸಾಮಾನ್ಯ ಸುಸ್ತಿನಂತೆಯೇ ಕಾಣುತ್ತವೆ. ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕಾಶಿಯಲ್ಲಿ ನೆಲೆಸಿದ ಒಂದು ಕನ್ನಡ ಸಂಸಾರ. ಹೆರಿಗೆಯಾಗಿ ಹದಿನೆಂಟು ದಿನ. ಬಾಣಂತನಕ್ಕೆ ಊರಿಂದ ತಾಯಿ ಬಂದಿದ್ದರು. ಮಗಳಿಗೆ ರಾತ್ರಿ ಕೆಮ್ಮು, ಸುಸ್ತು. ತಾಯಿ ಅದನ್ನು ಶೀತ ಎಂದುಕೊಂಡು ಮೆಣಸಿನ ಕಷಾಯ ಕೊಟ್ಟು, ಕಿಟಕಿ ಮುಚ್ಚಿ, ಬೆಚ್ಚಗೆ ಹೊದಿಸಿದರು. ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ತಾಯಿ, ಮಗುವಿಗೆ ಎಣ್ಣೆ ತಿಕ್ಕಲು ದಿನಾ ಬರುತ್ತಿದ್ದ ದಾಯಿಗೆ ಮಾತ್ರ ಅನುಮಾನ ಬಂತು. ಕಾಲು ನೀವುವಾಗ ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹೆರಿಗೆಯಾದ ಮೇಲೆ ಬಾವು ಇಳಿಯಬೇಕು, ಇಲ್ಲಿ ಏರುತ್ತಿತ್ತು. "ಅಂಗಾತ ಮಲಗಮ್ಮ" ಎಂದರೆ ಹುಡುಗಿ ಮಲಗಲಾರದೆ ಎದ್ದು ಕೂರುತ್ತಿದ್ದಳು. "ಬಹೂ ಲೇಟ್ ನಹೀಂ ಪಾತೀ, ಬಡೇ ಅಸ್ಪತಾಲ್ ಲೇ ಜಾಓ" ಎಂದಳು ಆ ದಾಯಿ. ಸೊಸೆಗೆ ಮಲಗಲು ಆಗುತ್ತಿಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು.

ಎಕೋ ಮಾಡಿದಾಗ ಹೃದಯದ ಪಂಪ್ ಮಾಡುವ ಶಕ್ತಿ ಶೇ 30ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಅದು 55ಕ್ಕಿಂತ ಮೇಲಿರಬೇಕು. ಔಷಧಿ ಶುರುವಾಯಿತು. ಆರು ತಿಂಗಳಲ್ಲಿ ಅದು 50 ದಾಟಿತು. ಈಗ ಆಕೆ ಮಗುವನ್ನು ಎತ್ತಿಕೊಂಡು ಮೂರನೇ ಮಹಡಿ ಹತ್ತುತ್ತಾಳೆ. ಇನ್ನೊಂದು ಬಸಿರಿನ ಯೋಚನೆ ಮಾಡುವ ಮೊದಲು ನನ್ನನ್ನು ಕೇಳಬೇಕು ಎಂದು ಹೇಳಿದ್ದೇನೆ.

ಆ ದಾಯಿಗೆ ಎಕೋ ಗೊತ್ತಿಲ್ಲ. ದಿನವೂ ಅರ್ಧ ಗಂಟೆ ಕೂತು, ಮುಟ್ಟಿ, ಮಾತಾಡಿಸಿ ನೋಡಿದ್ದಕ್ಕೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಅವಳಿಗೆ ಕಂಡಿತು. ಮಿಡ್‌ವೈಫ್ ತರಬೇತಿಯ ಬುನಾದಿಯೂ ಇದೇ. ಒಬ್ಬಳೇ ಮಿಡ್‌ವೈಫ್ ಅಥವಾ ಒಂದೇ ಚಿಕ್ಕ ತಂಡ ಬಸಿರಿನಿಂದ ಬಾಣಂತನದವರೆಗೆ ನೋಡಿಕೊಂಡರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಮತ್ತು ಕೊಯ್ದು ಹೊಲಿಗೆ ಹಾಕುವುದು ಕಡಿಮೆಯಾಗುತ್ತದೆ, ತಾಯಂದಿರಿಗೆ ಸಮಾಧಾನವೂ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇನ್ನೊಂದು ಮಾತು. ಬಸಿರಿನಲ್ಲಿ ಬಿ.ಪಿ. 140/90 ದಾಟಿ ಪ್ರಿ-ಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಹೆರಿಗೆಯಾಯಿತು, ಬಿ.ಪಿ. ಇಳಿಯಿತು ಎಂದು ಮರೆಯಬೇಡಿ. ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ನೋಡಿಸಿ. ನಿಮ್ಮ ತಾಯಿಗೆ, ಅಕ್ಕನಿಗೆ ಹಾಗೆ ಆಗಿತ್ತೇ ಎಂದೂ ಕೇಳಿ.

*"ಡಾಕ್ಟರ್ ಇಲ್ಲವಾ? ಬರೀ ನರ್ಸಾ?"*

ಬ್ರಿಟನ್ನಿಗೆ ಹೋದ ಕನ್ನಡ ಕುಟುಂಬಗಳು ಮೊದಲ ಬಸಿರಿನಲ್ಲಿ ಕೇಳುವ ಪ್ರಶ್ನೆ ಇದು. ಅಲ್ಲಿ ತೊಡಕಿಲ್ಲದ ಬಸಿರನ್ನು ನೋಡಿಕೊಳ್ಳುವುದು ಮಿಡ್‌ವೈಫ್. ಅದು ಕಡಿಮೆ ದರ್ಜೆಯ ಚಿಕಿತ್ಸೆ ಅಲ್ಲ, ಅವರು ಅದಕ್ಕಾಗಿಯೇ ವರ್ಷಗಟ್ಟಲೆ ಓದಿದವರು. ಹತ್ತು ವಾರದೊಳಗೆ ಮೊದಲ ಭೇಟಿ ಆಗಲಿ. ಹೆರಿಗೆಯ ನಂತರ ಅವರು ಮನೆಗೂ ಬರುತ್ತಾರೆ. ದುಭಾಷಿ ಬೇಕೆಂದರೆ ಎನ್‌ಎಚ್‌ಎಸ್ ಉಚಿತವಾಗಿ ಒದಗಿಸುತ್ತದೆ, ನಾಚಿಕೆಪಡದೆ ಕೇಳಿ. ನೆದರ್ಲೆಂಡ್ಸ್‌ನಲ್ಲಿ ಹೆರಿಗೆಯಾದ ಮೇಲೆ ಸುಮಾರು ಒಂದು ವಾರ ಕ್ರಾಮ್‌ಜೋರ್ಗ್ ಎಂಬ ವ್ಯವಸ್ಥೆಯ ಸಹಾಯಕಿ ಮನೆಗೆ ಬಂದು ತಾಯಿ, ಮಗುವನ್ನು ನೋಡಿಕೊಳ್ಳುತ್ತಾಳೆ. ನಮ್ಮ ಬಾಣಂತನದ ಹಾಗೆಯೇ. ಬಸಿರಿನಲ್ಲೇ ಹೆಸರು ನೋಂದಾಯಿಸಬೇಕು.

ಹೇಳಿದ್ದನ್ನೆಲ್ಲ "ಓಕೆ, ಓಕೆ" ಎಂದು ಒಪ್ಪಿಕೊಂಡು ಬರಬೇಡಿ. ನಿಮ್ಮ ಮನೆಯಲ್ಲಿ ಯಾರಿಗೆ ಹೃದ್ರೋಗ, ಬಿ.ಪಿ., ಸಕ್ಕರೆ ಇದೆ, ಚಿಕ್ಕಂದಿನಲ್ಲಿ ನಿಮಗೆ ಕೀಲುನೋವಿನ ಜ್ವರ ಬಂದಿತ್ತೇ ಎಂಬುದನ್ನು ಅವರಾಗಿ ಕೇಳದಿದ್ದರೂ ಹೇಳಿ.

ಭಾರತದಲ್ಲಿ ಇರುವವರಿಗೆ: ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲು 2016ರಿಂದಲೇ ಕೇಂದ್ರ ಆರೋಗ್ಯ ಸಚಿವಾಲಯದ ಒಪ್ಪಿಗೆ ಇದೆ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕಾಶಿಯಲ್ಲಿರುವವರು ತಿಳಿದಿರಿ: ಕಬೀರ್ ಚೌರಾದಲ್ಲಿ ಜಿಲ್ಲಾ ಮಹಿಳಾ ಆಸ್ಪತ್ರೆ ಇದೆ. ಬಿಎಚ್‌ಯು ಆವರಣದಲ್ಲಿ 2021ರಲ್ಲಿ ಆರಂಭವಾದ 100 ಹಾಸಿಗೆಯ ತಾಯಿ-ಮಗು ವಿಭಾಗ ಇದೆ. ಗರ್ಭಿಣಿ, ಬಾಣಂತಿಯರಿಗೆ ಉತ್ತರ ಪ್ರದೇಶದಲ್ಲಿ ಆಂಬುಲೆನ್ಸ್ ಸಂಖ್ಯೆ 102. ಘಾಟಿನ ಗಲ್ಲಿಗಳಲ್ಲಿ ಮನೆಯಿದ್ದರೆ ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ನಡೆದು ನೋಡಿಟ್ಟುಕೊಳ್ಳಿ. ಆರತಿಯ ಹೊತ್ತಿನ ಜನಸಂದಣಿಯಲ್ಲಿ ಅದನ್ನು ಹುಡುಕುತ್ತಾ ನಿಲ್ಲಬಾರದು.

*ಉಳಿಸಿಟ್ಟುಕೊಳ್ಳಿ: ತಡಮಾಡದೆ ಹೊರಡಬೇಕಾದ ಲಕ್ಷಣಗಳು*

1. ಅಂಗಾತ ಮಲಗಿದರೆ ಉಸಿರುಕಟ್ಟುವುದು, ರಾತ್ರಿ ಉಸಿರಿಗಾಗಿ ಎದ್ದು ಕೂರುವುದು.
2. ಹೆರಿಗೆಯ ನಂತರ ಕಾಲಿನ ಬಾವು ಇಳಿಯುವ ಬದಲು ಏರುವುದು.
3. ಎದೆನೋವು, ತಲೆಸುತ್ತಿ ಬೀಳುವುದು, ಸುಮ್ಮನೆ ಕೂತಾಗಲೂ ಎದೆ ಡವಡವ ಎನ್ನುವುದು.
4. ಕೂತಾಗಲೇ ನಾಡಿ ನಿಮಿಷಕ್ಕೆ 120 ಅಥವಾ ಹೆಚ್ಚು, ಉಸಿರಾಟ 30 ಅಥವಾ ಹೆಚ್ಚು, ಬೆರಳಿನ ಆಕ್ಸಿಮೀಟರಿನಲ್ಲಿ 95ಕ್ಕಿಂತ ಕಡಿಮೆ.
5. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಬಿ.ಪಿ. ಮೇಲಿನ ಅಂಕಿ 160 ಮುಟ್ಟಿದರೆ ತುರ್ತು.
6. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, ದೊಡ್ಡ ಗಡ್ಡೆಗಳು.
7. ಚಳಿಜ್ವರ, ದುರ್ವಾಸನೆಯ ಸ್ರಾವ.
8. ಬಸಿರಿನಲ್ಲಿ ಮಗುವಿನ ಅಲುಗಾಟ ಕಡಿಮೆಯಾಗುವುದು.

ವೈದ್ಯರಿಗೆ "ಇವಳಿಗೆ ಹೆರಿಗೆಯಾಗಿ ಇಷ್ಟು ದಿನವಾಯಿತು" ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

*ಹಿಂದಿ ಬಾರದವರಿಗೆ ನಾಲ್ಕು ಮಾತು*

ಉಸಿರುಕಟ್ಟುತ್ತಿದೆ: "ಸಾಂಸ್ ಫೂಲ್ ರಹೀ ಹೈ."
ರಕ್ತ ಜಾಸ್ತಿ ಹೋಗುತ್ತಿದೆ: "ಖೂನ್ ಬಹುತ್ ಜ್ಯಾದಾ ಜಾ ರಹಾ ಹೈ."
ತಲೆ ತುಂಬಾ ನೋಯುತ್ತಿದೆ, ಕಣ್ಣು ಮಂಜಾಗಿದೆ: "ಸಿರ್ ಮೇಂ ತೇಜ್ ದರ್ದ್ ಹೈ, ಧುಂಧಲಾ ದಿಖ್ ರಹಾ ಹೈ."
ಮಗು ಅಲುಗಾಡುವುದು ಕಡಿಮೆಯಾಗಿದೆ: "ಬಚ್ಚಾ ಪೇಟ್ ಮೇಂ ಕಮ್ ಹಿಲ್ ರಹಾ ಹೈ."

ನೀವಿರುವ ದೇಶದ ಭಾಷೆಯಲ್ಲಿ ಇದೇ ನಾಲ್ಕು ಮಾತನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮನೆಯಲ್ಲಿ ಬಾಣಂತಿ ಇದ್ದರೆ ಇವತ್ತು ರಾತ್ರಿ ಹೋಗಿ ಪಕ್ಕದಲ್ಲಿ ಕೂತು ಕೇಳಿ: "ನಿನ್ನೆ ಮಲಗೋಕೆ ಆಯ್ತಾ? ಎಷ್ಟು ದಿಂಬು ಇಟ್ಕೊಂಡೆ?" ಮಗುವನ್ನು ನೋಡಲು ಬರುವವರು ಹತ್ತು ಜನ ಇರುತ್ತಾರೆ. ಅವಳನ್ನು ಈ ಪ್ರಶ್ನೆ ಕೇಳುವವರು ನೀವಾಗಿರಿ.

ಈ ಲೇಖನ ಮಾಹಿತಿಗಾಗಿ ಮಾತ್ರ, ವೈದ್ಯರ ಪರೀಕ್ಷೆಗೆ ಬದಲಿ ಅಲ್ಲ. ಉಪಯುಕ್ತ ಎನಿಸಿದರೆ ನಿಮ್ಮ ಕುಟುಂಬದ ಗುಂಪಿಗೆ, ದೂರದ ಊರಿನಲ್ಲಿರುವ ಮಗಳು, ಸೊಸೆ, ತಂಗಿಯರಿಗೆ ಕಳುಹಿಸಿ.

– ನಿಮ್ಮ ಹೃದ್ರೋಗ ತಜ್ಞ (ಎಂ.ಡಿ.), ವಾರಾಣಸಿ